ಹೆಬ್ಬೆಟ್ಟಿನ ಗಾಡಿ

ಅಕ್ಕ ಅಂದು ಹೊಲದಲ್ಲಿ ಆಡಿದ್ದು ಎರಡು ಶಬ್ದವೋ ಮೂರೋ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. "ಬಿಡ್ರಿ ಕಾಕಾ" ಎಂದಳು ಅನ್ನುತ್ತಾರೆ ನಮ್ಮ ಕಾಕಾ, ಅಪ್ಪನ ತಮ್ಮ. ಅವರ ಮಗನೂ ಹಾಗೇ ಹೇಳುತ್ತಾನೆ. ಒಡ್ಡಿನ ಮೇಲೆ ಸಾಲಾಗಿ ಕುಳಿತು ತಮಾಷೆ ನೋಡಿದ ಊರ ಜನರೂ ಹಾಗೇ ಹೇಳುತ್ತಾರೆ. ನನಗೆ ಕೇಳಿಸಿದ್ದು "ಗಾಲಿ ಬಿಡ್ರಿ ಕಾಕಾ" ಎಂದು. ಮೊದಲನೆಯದು ನಿಜವಾದರೆ ಅಕ್ಕ ತಾನಾಗಿಯೇ ಕೈಚೆಲ್ಲಿದಳು ಎಂದಾಯಿತು. ಎರಡನೆಯದಾದರೆ, ಹಗ್ಗ ಬಿಗಿದು ಕಟ್ಟಿದ್ದ ಬಂಡಿಯ ಗಾಲಿಗಳನ್ನು ಬಿಚ್ಚಿರಿ ಎಂದು ಕೇಳಿದಳು ಎಂದಾಯಿತು. ಅವಳು ತನ್ನ ಹೊಲಕ್ಕೆ ಯಾರ ಹಂಗೂ ಇಲ್ಲದೆ ಹೋಗಿ ಬರುವುದು ಆ ಒಂದು ಮಾತಿನ ಮೇಲೆ ನಿಂತಿತ್ತು.

ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದವನು. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎನ್ನುವವನ ಮಾತನ್ನು ಏಕೆ ಪೂರ್ತಿ ನಂಬಬಾರದು ಎಂದು ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆದವನು. ಅದನ್ನೂ ಒಂದೆಡೆ ನಿಂತು ಮಾಡಲಿಲ್ಲ. ಲಕ್ಷ್ಮೇಶ್ವರದ ಒಂದು ಕಾಲೇಜು, ಗದಗಿನ ಇನ್ನೊಂದು, ನಡುವೆ ಏನೂ ಇಲ್ಲದ ಕೆಲವು ವರ್ಷ. ಈಗ ಬೆಟಗೇರಿಯ ಬಾಡಿಗೆ ಮನೆ. ಇಂಥ ಮನುಷ್ಯ ತನ್ನ ಕಿವಿಯೊಂದೇ ಸರಿ, ಊರ ಕಿವಿಯೆಲ್ಲ ತಪ್ಪು ಎಂದು ವಾದಿಸಿದರೆ ಮೊದಲು ನಗಬೇಕಾದವನು ನಾನೇ. ಆದರೂ ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ಅಕ್ಕ ನನಗಿಂತ ದೊಡ್ಡವಳು, ಮದುವೆಯಾಗಲಿಲ್ಲ. ಸಣ್ಣವಳಿದ್ದಾಗ ಬಂದ ಜ್ವರ ಎಡಗಾಲಿನಲ್ಲಿ ಬಲ ಉಳಿಸಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹಿರೇವಡ್ಡಟ್ಟಿ ಹತ್ತಿರದ ನಮ್ಮ ಪಾಲಿನ ಹೊಲವನ್ನು ನೋಡಿಕೊಂಡವಳು ಅವಳೇ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಅಂಚಿಗೆ ಮನೆಗಾಗುವಷ್ಟು ಮೆಣಸಿನ ಗಿಡ. ಹೊಲದ ಕಾಗದ ಇನ್ನೂ ಒಟ್ಟಿಗೇ ಇದ್ದುದರಿಂದ ದೊಡ್ಡ ತೀರ್ಮಾನಗಳೆಲ್ಲ ಕಾಕಾ ಅವರವು. ಅವರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಹೇಳುವ ಮನಸ್ಸು ನನಗೆ ಇರುತ್ತದೋ ಇಲ್ಲವೋ.

ಹಿಂದೆ ಎರಡು ಪಕ್ಕದ ಗಾಲಿ ಹಚ್ಚಿಸಿದ ಸ್ಕೂಟರೊಂದು ಅಕ್ಕನಿಗಿದೆ. ಡಾಂಬರು ಇರುವ ತನಕ ಅವಳು ಯಾರಿಗೂ ಕಡಿಮೆಯಿಲ್ಲ. ಮುಂಡರಗಿ ಸಂತೆಗೆ, ದವಾಖಾನೆಗೆ, ಸೊಸೈಟಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಡಾಂಬರು ಮುಗಿದಲ್ಲಿ ಅವಳ ಸ್ವಾತಂತ್ರ್ಯವೂ ಮುಗಿಯುತ್ತದೆ. ನಮ್ಮದು ಎರೆ ಮಣ್ಣು. ಒಂದು ಮಳೆ ಬಿದ್ದರೆ ಸ್ಕೂಟರಿನ ಗಾಲಿಗೆ ಮಣ್ಣು ಹಿಟ್ಟಿನಂತೆ ಮೆತ್ತಿಕೊಂಡು ಗಾಲಿ ತಿರುಗದಂತಾಗುತ್ತದೆ. ಕೋಲೂರಿ ನಡೆದರೆ ಕೋಲೇ ಮಣ್ಣಿನಲ್ಲಿ ಉಳಿಯುತ್ತದೆ. ಆಗ ಕಾಕಾನ ಮಗ ಟ್ರ್ಯಾಕ್ಟರ್ ತರಬೇಕು, ಇಬ್ಬರು ಹಿಡಿದು ಅವಳನ್ನು ಟ್ರೇಲರಿಗೆ ಹತ್ತಿಸಬೇಕು. "ಗೊಬ್ಬರದ ಚೀಲದ ಕೂಡ ನಾನೂ ಒಂದು ಚೀಲ" ಎಂದು ಅವಳೇ ನಗಿಸುತ್ತಿದ್ದಳು. ಹತ್ತಿಸುವವರು ನಗುತ್ತಿದ್ದರು. ಅವಳು ನಗುತ್ತಿದ್ದಳೇ ಎಂದು ನಾನು ಗಮನಿಸಿದ ನೆನಪಿಲ್ಲ.

ಹಳೆಯ ಟ್ರ್ಯಾಕ್ಟರನ್ನು ಕೊಟ್ಟು ಸಣ್ಣದೊಂದು ಯಂತ್ರ ತರುವ ಮಾತು ಮನೆಯಲ್ಲಿ ಬಂದಾಗ ಅಕ್ಕ ಮೊದಲ ಬಾರಿಗೆ ಬಾಯಿ ತೆರೆದಳು. ಅವಳು ಒಂದು ಗಾಡಿ ನೋಡಿಟ್ಟಿದ್ದಳು.

ಕಪ್ಪತಗುಡ್ಡದ ಮೇಲೆ ನಿಂತ ಗಾಳಿಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎನ್ನುತ್ತಾರೆ. ಆ ಫ್ಯಾನುಗಳ ಗುತ್ತಿಗೆ ಕೆಲಸ ಹಿಡಿದ ಒಬ್ಬರು ಕೇಬಲ್ಲಿನ ಉರುಳೆಗಳನ್ನು ಗುಡ್ಡ ಹತ್ತಿಸಲು ಒಂದು ನಾಲ್ಕು ಗಾಲಿಯ ಗಾಡಿ ತರಿಸಿದ್ದರು. ಬೈಕಿನಂತೆ ಹ್ಯಾಂಡಲ್ಲು, ಕುದುರೆಯ ಮೇಲೆ ಕುಳಿತಂತೆ ಕೂರುವ ಸೀಟು, ಉಬ್ಬಿದ ದಪ್ಪ ಟೈರು, ಹಿಂದೆ ಟ್ರಾಲಿ ಸಿಕ್ಕಿಸುವ ಕೊಂಡಿ. ಜನ ಇಂಥವನ್ನು ರಿಸಾರ್ಟುಗಳಲ್ಲಿ ಮೋಜಿಗೆ ಓಡಿಸುತ್ತಾರೆ. ಇದು ಮೋಜಿನದಲ್ಲ, ದುಡಿಯುವ ಜಾತಿಯದು. ಕೆಲಸ ಮುಗಿದು ಅದು ಮಾರಾಟಕ್ಕಿತ್ತು. ಅಕ್ಕ ನನ್ನನ್ನು ಶಿರಹಟ್ಟಿಗೆ, ಗುತ್ತಿಗೆದಾರರ ಅಂಗಳಕ್ಕೆ ಕರೆದುಕೊಂಡು ಹೋದಳು.

"ಇದರ ಕ್ಲಚ್ ಎಲ್ಲೈತಿ?" ಎಂದು ಅಲ್ಲಿನ ಡ್ರೈವರನನ್ನು ಕೇಳಿದಳು.

"ಕ್ಲಚ್ಚ ಇಲ್ಲ್ರಿ ಅಕ್ಕಾರ."

"ಹಂಗಾರ ಎಡಗಾಲಿಗೆ ಏನು ಕೆಲಸ?"

"ಏನೂ ಇಲ್ಲ್ರಿ. ಆರಾಮ ಇಟ್ಕೊಂಡು ಕುಂಡ್ರೂದು. ಬ್ರೇಕು ಕೈಯಾಗ ಐತಿ. ಈ ಹೆಬ್ಬೆಟ್ಟು ಒತ್ತಿದ್ರ ಹೋಗ್ತೈತಿ, ಸಡ್ಲ ಬಿಟ್ರ ನಿಲ್ತೈತಿ."

ಅಕ್ಕ ನನ್ನ ಕಡೆ ತಿರುಗಿದಳು. "ನೋಡ್ದೇನೋ ತಮ್ಮಾ, ಹೆಬ್ಬೆಟ್ಟಿನ ಗಾಡಿ. ನಿನ್ನಂಗ ಸಹಿ ಮಾಡೂ ಮಂದಿಗಿ ಅಲ್ಲ ಇದು, ನಮ್ಮಂಥಾವ್ರಿಗಿ."

ಅಂಗಳದಲ್ಲಿ ಒಂದು ಸುತ್ತು ಹೊಡೆದಳು. ಮತ್ತೊಂದು ಸುತ್ತಿಗೆ ಹಿಂದೆ ಟ್ರಾಲಿ ಸಿಕ್ಕಿಸಲು ಹೇಳಿದಳು. ಟ್ರಾಲಿಯಲ್ಲಿ ಜಲ್ಲಿಯಿತ್ತು. ಗೇಟು ದಾಟಿ ಹೊರಗಿನ ಕಚ್ಚಾ ದಾರಿಯಲ್ಲಿ ಹೋಗಿ, ತಿರುಗಿಸಿ, ಬಂದಳು. ಆಗ ಅವಳ ಮುಖ ಹೇಗಿತ್ತು ಎಂದು ಬರೆಯಲು ಹೊರಟರೆ ನಾನು ಕಟ್ಟಿ ಬರೆಯುತ್ತೇನೆ. ನಾನು ನೋಡುತ್ತಿದ್ದುದು ಹಿಂದಿನ ಕೊಂಡಿಯನ್ನು. ಒಂದು ಮಾತ್ರ ಖಂಡಿತ. ಇಳಿದವಳು ಗುತ್ತಿಗೆದಾರರ ಜೊತೆ ಮಾತಾಡುತ್ತ ಗಾಡಿಯ ಅಂಚು ಹಿಡಿದೇ ಅತ್ತಿತ್ತ ಓಡಾಡಿದಳು. ಹೊರಡುವಾಗ ಕೋಲು ಹುಡುಕಿದಳು. ಅದು ಅಷ್ಟು ಹೊತ್ತೂ ನನ್ನ ಕೈಯಲ್ಲಿತ್ತು.

ಅಲ್ಲಿಂದ ನನ್ನ ತಿರುಗಾಟ ಶುರುವಾಯಿತು. ಹೋಲಿಸಿ ನೋಡದೆ ಒಂದು ವಸ್ತುವನ್ನೂ ಒಪ್ಪದ ಸ್ವಭಾವ ನನ್ನದು. ಮುಳಗುಂದದಲ್ಲಿ ಪರಿಚಯದವರೊಬ್ಬರ ಪವರ್ ಟಿಲ್ಲರ್ ನೋಡಿದೆ. ಹೊಲದಲ್ಲಿ ಅದರ ಹಿಂದೆ ಹಿಡಿ ಹಿಡಿದು ನಡೆಯಬೇಕು. ಅಕ್ಕನಿಗೆ ಅದನ್ನು ಹೇಳಲೂ ಇಲ್ಲ. ಲಕ್ಷ್ಮೇಶ್ವರದ ಒಂದು ಅಂಗಡಿಯಲ್ಲಿ ಮಿನಿ ಟ್ರ್ಯಾಕ್ಟರ್ ನೋಡಿದೆ, ಮಾರುವವನ ಚಹಾ ಕುಡಿದೆ. ಕಾಗದದ ಮೇಲಿನ ಶಕ್ತಿ ಹಿಡಿದು ನೋಡಿದರೆ ಹೆಬ್ಬೆಟ್ಟಿನ ಗಾಡಿಯದೇ ಹೆಚ್ಚು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಮಾರುವವನಿಗೆ ಆಗಲಿಲ್ಲ. "ಕುದುರಿ ಶಕ್ತಿ ಓಡಾಕ್ರೀ ಸರ, ಜಗ್ಗಾಕ ತೂಕ ಬೇಕು" ಎಂದ. ಅವನದು ವ್ಯಾಪಾರದ ಮಾತಾದರೂ ಸುಳ್ಳಲ್ಲ. ಟ್ರ್ಯಾಕ್ಟರು ಭಾರವಾಗಿ ನೆಲಕ್ಕೆ ಒತ್ತಿ ಕೂರುತ್ತದೆ, ನಿಧಾನವಾಗಿ ತಿರುಗುವ ದೊಡ್ಡ ಗಾಲಿ ಮಣ್ಣನ್ನು ಕಚ್ಚುತ್ತದೆ. ಹರಗುವ ಕುಂಟೆ, ಉಳುವ ರಂಟೆ, ಬಿತ್ತುವ ಕೂರಿಗೆ ಎಳೆಯುವುದು ಅದರ ಕೆಲಸ. ಹೆಬ್ಬೆಟ್ಟಿನ ಗಾಡಿ ಹಗುರ. ಅದು ಉಳುವುದಿಲ್ಲ. ಆದರೆ ಹಗುರವಾದದ್ದಕ್ಕೇ ಹಸಿ ಎರೆಯಲ್ಲಿ ಹೂತುಕೊಳ್ಳದೆ ಹೋಗುತ್ತದೆ. ಉರುಳುವ ಗಾಲಿಯ ಟ್ರಾಲಿಯಲ್ಲಿ ಹೆಸರಿನ ಚೀಲ, ಔಷಧಿ ಹೊಡೆಯುವ ಬ್ಯಾರಲ್ಲು, ಬೀಜ, ಗೊಬ್ಬರ ಆರಾಮವಾಗಿ ಒಯ್ಯುತ್ತದೆ. ಎಣ್ಣೆಯ ಖರ್ಚು ನೋಡಿದರೆ ಟ್ರ್ಯಾಕ್ಟರು ಮೇಲು, ಬಿಡಿ ಭಾಗ ಸಿಗುವುದು ನೋಡಿದರೂ ಅದೇ ಮೇಲು. ಕೊನೆಗೆ ಪ್ರಶ್ನೆ ಒಂದೇ ಉಳಿಯಿತು: ಯಾರಿಗಾಗಿ?

ಅಕ್ಕನ ಲೆಕ್ಕಾಚಾರ ನೇರವಾಗಿತ್ತು. ವರ್ಷಕ್ಕೊಮ್ಮೆಯ ದೊಡ್ಡ ಉಳುಮೆ ಹೇಗೂ ಬಾಡಿಗೆಗೆ ಮಾಡಿಸುತ್ತೇವೆ. ದಿನದ ಕೆಲಸಕ್ಕೆ, ಹೋಗಿ ಬರುವುದಕ್ಕೆ, ಇದು ಸಾಕು. ನಾನು ಕಾಕಾ ಅವರಿಗೆ ಇದನ್ನೇ ಸ್ವಲ್ಪ ದೊಡ್ಡ ಮಾತುಗಳಲ್ಲಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು.

"ಎಲ್ಲಾ ಆತು. ಜಗ್ಗತೈತೇನು?"

"ಟ್ರಾಲಿ ಜಗ್ಗತೈತಿ ಕಾಕಾ. ಅಕ್ಕ ಹೊಡದು ನೋಡ್ಯಾಳ."

"ಶಿರಹಟ್ಟಿ ಅಂಗಳದಾಗ ಜಗ್ಗೂದು ಜಗ್ಗೂದಲ್ಲ. ನಮ್ಮ ಹೊಲದಾಗ, ನಮ್ಮ ಬಂಡಿ ಜಗ್ಗಲಿ. ಎರಡೂ ಬರ್ಲಿ. ಯಾವುದು ಜಗ್ಗತೈತಿ ಅದು ನಮ್ಮನಿಗೆ."

ನಮ್ಮ ಬಂಡಿ ಎಂದರೆ ಏನೆಂದು ಕೇಳುವ ಅಗತ್ಯವಿರಲಿಲ್ಲ. ಪ್ರಾಯದಲ್ಲಿ ಕಾಕಾ ತೆರಬಂಡಿಗೆ ಎತ್ತು ಕಟ್ಟಿದವರು. ತೆರಬಂಡಿ ಎಂದರೆ ಗಾಲಿ ತಿರುಗದಂತೆ ಬಿಗಿದು ಕಟ್ಟಿದ ಬಂಡಿ. ಭಾರ ಹೇರಿ, ಎತ್ತು ಹೂಡಿ, ಕೊಟ್ಟ ಹೊತ್ತಿನಲ್ಲಿ ಯಾವ ಜೋಡಿ ಅದನ್ನು ನೆಲಕ್ಕೆ ಉಜ್ಜುತ್ತ ಎಳೆದು ಹೆಚ್ಚು ದೂರ ಒಯ್ಯುತ್ತದೋ ಅದು ಗೆದ್ದಂತೆ. ಆ ಎತ್ತುಗಳು ಹೋಗಿ ಕಾಲವಾಯಿತು. ಬಂಡಿ ಮಾತ್ರ ಕೊಟ್ಟಿಗೆಯ ಹಿಂದೆ ಉಳಿದಿತ್ತು. ಜಗ್ಗುವ ತಾಕತ್ತು ಎಂದರೆ ನಮ್ಮ ಕಡೆಯ ಜನರ ಕಣ್ಣಿಗೆ ಬರುವುದು ಅದೊಂದೇ ಚಿತ್ರ. ಯಂತ್ರವನ್ನು ಅಳೆಯಲೂ ಅವರಿಗೆ ಬೇರೆ ಅಳತೆ ಹೊಳೆಯಲಿಲ್ಲ. ಯಾವ ರೈತನೂ ಗಾಲಿ ಕಟ್ಟಿದ ಬಂಡಿಯಲ್ಲಿ ಪೀಕು ಮನೆಗೆ ತರುವುದಿಲ್ಲ ಎಂಬುದು ಅಂದು ಯಾರಿಗೂ ತೋಚಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಅದು ನಡೆಯಿತು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಅಕ್ಕನ ಸ್ಕೂಟರು ಹೊಲದ ತನಕ ಯಾರ ನೆರವಿಲ್ಲದೆ ಬಂತು. ಅವಳಿಗೆ ಯಂತ್ರವೇ ಬೇಕಿಲ್ಲದ ಕಾಲದಲ್ಲಿ ಅವಳ ಯಂತ್ರದ ಪರೀಕ್ಷೆ. ಲಕ್ಷ್ಮೇಶ್ವರದ ಮಾರಾಟದವನು ಡೆಮೊ ಎಂದು ಮಿನಿ ಟ್ರ್ಯಾಕ್ಟರ್ ತಂದಿದ್ದ. ಹೆಬ್ಬೆಟ್ಟಿನ ಗಾಡಿ ಒಂದು ಸಣ್ಣ ಲಾರಿಯಲ್ಲಿ ಶಿರಹಟ್ಟಿಯಿಂದ ಬಂತು. ಇಳಿಸುವಾಗಲೇ ನಗು ಶುರುವಾಯಿತು.

"ಎರಡು ಕೋಡು ಹಚ್ಚಿಬಿಡ್ರಿ, ಎತ್ತು ಆಕ್ಕೈತಿ."

"ಮೇವು ಏನ್ರಿ ಇದಕ್ಕ, ಪೆಟ್ರೋಲ? ಹಂಗಾರ ಬೀಗರಿದ್ದಂಗ ಬಿಡ್ರಿ, ಬಂದಾಗೆಲ್ಲಾ ಖರ್ಚು."

ಅಕ್ಕನೂ ನಕ್ಕಳು. "ಬೀಗರಾದ್ರ ಕರದಾಗ ಬರ್ತಾರ ಅಣ್ಣಾ," ಎಂದು ಹೇಳಿದವನಿಗೆ ತಿರುಗಿ ಕೊಟ್ಟಳು, "ನಿಮ್ಮ ಟ್ರ್ಯಾಕ್ಟರ್ ಕರದ್ರೂ ಬರೂದಿಲ್ಲ." ಒಡ್ಡಿನ ಮೇಲಿದ್ದವರು ಅದಕ್ಕೂ ನಕ್ಕರು. ಆಮೇಲೆ ಅವಳು ಕೋಲೂರಿ ಎದ್ದು "ಗಾಡಿ ನಾ ಹೊಡೀತೀನ್ರಿ" ಎಂದಳು.

"ನೀ ಯಾಕವ್ವಾ?" ಎಂದರು ಕಾಕಾ. ಬಹಳ ಮೆತ್ತಗೆ ಎಂದರು. "ಬಿದ್ದು ಗಿದ್ದೀ. ಗಾಡಿ ಕೂಡ ಬಂದ ಡ್ರೈವರ್ ಅದಾನಲ್ಲ. ನೀ ಕುಂತು ನೋಡು."

ಅವಳು ಕುಳಿತಳು.

ಬಂಡಿಯ ಎರಡೂ ಗಾಲಿಗೆ ಅಡ್ಡ ಕಟ್ಟಿಗೆ ಸಿಕ್ಕಿಸಿ ಹಗ್ಗ ಬಿಗಿದರು. ಮೇಲೆ ಕಲ್ಲು ಹೇರಿದರು. ಗಾಲಿ ಕಟ್ಟಿದರೆ ಇದು ಎಳೆಯುವ ಪರೀಕ್ಷೆಯಾಗುವುದಿಲ್ಲ, ತೂಕದ ಪರೀಕ್ಷೆಯಾಗುತ್ತದೆ, ಹಗುರ ಗಾಡಿ ಸೋಲುವುದು ಮೊದಲೇ ನಿಶ್ಚಯ ಎಂದು ನಾನು ಹೇಳಿದೆ. ಆಗಲೇ ಹೇಳಿದೆನೋ, ಎಲ್ಲ ಮುಗಿದ ಮೇಲೆ ಮನೆಗೆ ಬರುವಾಗ ಹೇಳಿದೆನೋ, ಆಣೆ ಮಾಡಲಾರೆ. ಕಾಕಾ ಕೊಟ್ಟ ಉತ್ತರ ಮಾತ್ರ ನೆನಪಿದೆ.

"ಗಾಲಿ ಉರುಳಿದ್ರ ನಾಯಿನೂ ಜಗ್ಗತೈತಿ. ಅದರಾಗ ನೋಡೂದೇನೈತಿ?"

ಟ್ರ್ಯಾಕ್ಟರು ಮೊದಲು. ಹೊಗೆ ಬಿಟ್ಟಿತು, ಒಂದು ಗಳಿಗೆ ಮುಕ್ಕಿರಿಯಿತು, ಆಮೇಲೆ ಬಂಡಿಯನ್ನು ಒಡ್ಡಿನಿಂದ ಬನ್ನಿ ಗಿಡದ ತನಕ ಎಳೆದುಕೊಂಡು ಹೋಯಿತು. ಎರೆಯ ಮೇಲೆ ಎರಡು ಆಳವಾದ ಗೆರೆ ಬಿತ್ತು. ಸೀಟಿ ಹೊಡೆದರು. ಕಾಕಾ ಎದ್ದು ಆ ಗೆರೆಯ ಮೇಲೆ ನಡೆದು ನೋಡಿದರು. ಅವರ ನಡಿಗೆಯಲ್ಲಿ ಹಳೆಯ ಎತ್ತುಗಳ ಕಾಲದ ಯಾವುದೋ ಹುರುಪಿತ್ತು.

ಬಳಿಕ ಹೆಬ್ಬೆಟ್ಟಿನ ಗಾಡಿ. ಡ್ರೈವರನಿಗೆ ಗಾಡಿ ಗೊತ್ತಿತ್ತು. ನಾಲ್ಕೂ ಗಾಲಿಗೆ ಬಲ ಹಾಕುವ ಗುಂಡಿ ಒತ್ತಿದ. ಎಂಜಿನ್ನು ಕಿರುಚಿತು. ಬಂಡಿ ಅಲುಗಿತು ಎಂದು ನನ್ನ ನೆನಪು. ಅಲುಗಲೇ ಇಲ್ಲ ಎಂದು ಕಾಕಾನ ಮಗನ ನೆನಪು. ಅಷ್ಟರಲ್ಲಿ ನಾಲ್ಕೂ ಗಾಲಿಗಳು ಇದ್ದಲ್ಲೇ ತಿರುಗಿ ಮಣ್ಣನ್ನು ಒಡ್ಡಿನ ತನಕ ಎರಚಿದವು. ಜನ ಮುಖ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕರು. ಆ ನಗು, ಆ ಧೂಳು, ಆ ಕಿರುಚಾಟದ ನಡುವೆ ಅಕ್ಕ ಎದ್ದು ನಿಂತು ಕೈ ಚಾಚಿ ಆ ಮಾತು ಹೇಳಿದಳು. ಕಾಕಾ ಕೈಯೆತ್ತಿದರು, ಡ್ರೈವರ್ ಎಂಜಿನ್ ಆರಿಸಿದ.

"ಆಕಿನೇ ಬಿಡ್ರಿ ಅಂದ್ಲು. ಆತು," ಎಂದರು ಕಾಕಾ ಎಲ್ಲರಿಗೂ ಕೇಳುವಂತೆ. ಜನ ಬಟ್ಟೆ ಜಾಡಿಸಿಕೊಂಡು ಎದ್ದರು.

ಕಾಕಾನ ಮಗ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದ. ಅದನ್ನು ನೋಡಿದರೆ ನನ್ನ ಅನುಮಾನ ತೀರುತ್ತದೆ ಎಂದು ಆಮೇಲೆ ಕೇಳಿ ಹಾಕಿಸಿಕೊಂಡೆ. ಅವನು ಅದನ್ನು ಸ್ಟೇಟಸ್ಸಿಗೆ ಹಾಕಲು ಕತ್ತರಿಸಿ, ಮೇಲೊಂದು ಅಬ್ಬರದ ಹಾಡು ಹಚ್ಚಿದ್ದ. ಮೂಲದ್ದು ಅಳಿಸಿ ಹೋಗಿತ್ತು. ಕೊನೆಯಲ್ಲಿ ಚಿತ್ರದ ಅಂಚಿಗೆ ಅಕ್ಕ ಕಾಣುತ್ತಾಳೆ. ಬಾಯಿ ಆಡುತ್ತದೆ, ಕೈ ಮುಂದಕ್ಕೆ ಹೋಗುತ್ತದೆ. ಆ ಕೈ ಬಂಡಿಯ ಗಾಲಿಯನ್ನು ತೋರಿಸುತ್ತಿದೆಯೋ, ಸಾಕು ಎಂದು ಬೀಸುತ್ತಿದೆಯೋ? ಎಷ್ಟು ಸಲ ನೋಡಿದರೂ ನಾನು ಯಾವುದನ್ನು ಅಂದುಕೊಂಡು ನೋಡುತ್ತೇನೋ ಅದೇ ಕಾಣುತ್ತದೆ. ಹಾಡು ಮಾತ್ರ ಬಾಯಿಪಾಠವಾಗಿದೆ.

ಮಿನಿ ಟ್ರ್ಯಾಕ್ಟರ್ ಮನೆಗೆ ಬಂತು. ಅದರ ಕ್ಲಚ್ಚು ಎಲ್ಲ ಟ್ರ್ಯಾಕ್ಟರಿನಂತೆ ಎಡಗಾಲಿನ ಬಳಿ ಇದೆ.

ಅದು ಒಳ್ಳೆಯ ಯಂತ್ರ. ನಾನು ಸಿಟ್ಟಿನಲ್ಲಿ ಅದನ್ನು ಹಳಿದರೆ ಸುಳ್ಳಾಗುತ್ತದೆ. ಕುಂಟೆ ಹೊಡೆಯುತ್ತದೆ, ಬಿತ್ತುತ್ತದೆ, ಸಣ್ಣ ಸಾಲಿನ ನಡುವೆ ಎಡೆ ಹೊಡೆಯುತ್ತದೆ, ಕಡಿಮೆ ಎಣ್ಣೆ ಕುಡಿಯುತ್ತದೆ. ಸುತ್ತಲಿನ ಹೊಲದವರೆಲ್ಲ ಅದನ್ನು ಬಾಡಿಗೆಗೆ ಕೇಳುತ್ತಾರೆ. ಹಾಕಿದ ಬೆಲೆಗೆ ಬೆಲೆ ಬಂತು ಎಂದು ಕಾಕಾ ಬಂದವರೆದುರು ಹೇಳುವುದು ಖರೆ. ಬೆಲೆ ಬಂದದ್ದೇ ಅಕ್ಕನಿಗೆ ಕುತ್ತಾಯಿತು. ಹಳೆಯ ಟ್ರ್ಯಾಕ್ಟರನ್ನು ಯಾರೂ ಕರೆಯುತ್ತಿರಲಿಲ್ಲ, ಅದು ಮನೆಯ ಮುಂದೆ ನಿಂತಿರುತ್ತಿತ್ತು, ಕೂಗಿದರೆ ಬರುತ್ತಿತ್ತು. ಹೊಸದು ಮಳೆ ಹನಿದ ಮರುದಿನವೇ ಮಂದಿಯ ಹೊಲದಲ್ಲಿರುತ್ತದೆ. ಕಾಕಾನ ಮಗನಿಗೂ ಅದು ದುಡಿಮೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಒಂದು ಸಲ ಅಕ್ಕನ ಸ್ಕೂಟರಿನ ಹಿಂದೆ ನಾನು ಬೈಕಿನಲ್ಲಿ ಶಿರಹಟ್ಟಿ ದಾರಿಯಲ್ಲಿ ಬರುತ್ತಿದ್ದಾಗ ಹೆಬ್ಬೆಟ್ಟಿನ ಗಾಡಿ ಎದುರಾಯಿತು. ಯಾರೋ ಕೊಂಡಿದ್ದರು. ತಲೆಗೆ ಟವೆಲ್ ಸುತ್ತಿದ ಮುದುಕರೊಬ್ಬರು ಕಾಲು ಆರಾಮವಾಗಿ ಇಟ್ಟುಕೊಂಡು ಕುಳಿತಿದ್ದರು. ಹಿಂದಿನ ಟ್ರಾಲಿ ಉಳ್ಳಾಗಡ್ಡಿ ಚೀಲದಿಂದ ತುಂಬಿ ತುಳುಕುತ್ತಿತ್ತು, ಅದರ ಮೇಲೆ ಇಬ್ಬರು ಹೆಂಗಸರು. ಏರಿನಲ್ಲಿ ಸರಾಗವಾಗಿ ಹೋಯಿತು. ಅಕ್ಕ ಸ್ಕೂಟರ್ ನಿಲ್ಲಿಸಿ, ಅದು ತಿರುವು ದಾಟುವ ತನಕ ನೋಡಿದಳು. ಆಮೇಲೆ ನನ್ನನ್ನು "ಚಹಾ ಕುಡೀತಿ ಏನು?" ಎಂದು ಕೇಳಿದಳು.

ಈ ವರ್ಷದ ಮುಂಗಾರಿನಲ್ಲಿ ಹೆಸರು ಚೆನ್ನಾಗಿ ಬಂದಿತ್ತು. ಕಾಯಿ ಕಪ್ಪಾಗಿ ಬಿಡಿಸುವ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ ಹಿಡಿಯಿತು. ಹೆಸರಿನ ಕಾಯಿ ಕಾಯುವುದಿಲ್ಲ. ತೊಯ್ದು ನಿಂತರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ನಾನು ಬೆಟಗೇರಿಯಿಂದ ಹೋದಾಗ ಅಕ್ಕ ಡಾಂಬರು ಮುಗಿಯುವ ಜಾಗದಲ್ಲಿ, ಸ್ಕೂಟರಿನ ಮೇಲೆ, ಕೊಡೆ ಹಿಡಿದು ಕುಳಿತಿದ್ದಳು. ಆಳುಗಳು ಬೆಳಿಗ್ಗೆ ನಡೆದು ಹೋಗಿ, ಕಾಯಿ ತುಂಬಿದ ಚೀಲಗಳನ್ನು ಒಡ್ಡಿನ ಮೇಲಿಟ್ಟು, ಹೊರುವ ದಾರಿ ಕಾಣದೆ ಬೇರೆಯವರ ಕೆಲಸಕ್ಕೆ ಹೋಗಿದ್ದರು. ಚೀಲಗಳು ಅಲ್ಲೇ ನೆನೆಯುತ್ತಿದ್ದವು. ಅವಳು ಟ್ರ್ಯಾಕ್ಟರಿನ ದಾರಿ ಕಾಯುತ್ತಿದ್ದಳು.

ಏನೋ ಮಾತಾಡಬೇಕಲ್ಲ ಎಂದು, ಅಥವಾ ಇಷ್ಟು ದಿನ ಅದನ್ನೇ ಕೇಳಲು ಕಾದಿದ್ದೆನೋ ಏನೋ, ಕೇಳಿಬಿಟ್ಟೆ.

"ಅಕ್ಕಾ, ಗಾಡಿ ಜಗ್ಗಿಸಿದ ದಿನ ನೀ ಏನಂದಿ? ಖರೆ ಹೇಳು."

"ಈಗ ಯಾಕ ಅದು?"

"ನನಗ 'ಗಾಲಿ ಬಿಡ್ರಿ' ಅಂದಂಗ ಕೇಳಿಸ್ತು."

"ಅಂದಿರಬೇಕು."

"ಅಂದಿರಬೇಕು ಅಂದ್ರ? ಅಂದ್ಯೋ ಇಲ್ಲೋ?"

ಅವಳು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ನೆನಪಿಲ್ಲೋ ತಮ್ಮಾ. ಅವತ್ತು ಗಾಲಿ ಅಂದಿದ್ನೇನೋ. ಆಮ್ಯಾಲೆ ಎಲ್ಲಾರೂ 'ಬಿಡ್ರಿ ಅಂದ್ಲು, ಬಿಡ್ರಿ ಅಂದ್ಲು' ಅಂದ್ರಲ್ಲ, ಹಂಗ ಅಂದಿರಬೇಕು ಅಂತ ನನಗೂ ಅನಸಾಕತ್ತು. ಏನಂದಿದ್ರೇನು? ಗಾಲಿ ಅಂತೂ ಯಾರೂ ಬಿಡಲಿಲ್ಲ."

ಇಷ್ಟು ವರ್ಷ ನಾನು ಎಣಿಸಿದ್ದು, ಸತ್ಯ ಅವಳ ಬಳಿ ಇದೆ, ಕೇಳಿದರೆ ಸಿಗುತ್ತದೆ ಎಂದು. ಅದನ್ನೂ ಊರವರೆಲ್ಲ ಸೇರಿ ಅವಳಿಂದ ತೆಗೆದುಕೊಂಡಿದ್ದರು, ಯಾರಿಗೂ ಗೊತ್ತಾಗದಂತೆ, ಅವಳಿಗೂ ಗೊತ್ತಾಗದಂತೆ.

ಫೋನು ಬಂತು. ಕಾಕಾನ ಮಗನ ದನಿ ಹೊರಗೂ ಕೇಳಿಸುತ್ತಿತ್ತು. "ಅಕ್ಕಾ, ಸಿಟ್ಟಾಗಬ್ಯಾಡ. ಮಂದಿ ಹೊಲದಾಗ ಸಿಕ್ಕೊಂಡೀನಿ, ಇವತ್ತು ಆಗೂದಿಲ್ಲ. ನಾಳೆ ಮುಂಜಾನೆ ಜಲ್ದಿ ಬರ್ತೀನಿ."

"ಆತಪಾ," ಎಂದಳು ಅಕ್ಕ. ಫೋನನ್ನು ಸೀರೆಯ ಸೆರಗಿನಲ್ಲಿ ಒರೆಸಿ ಚೀಲದೊಳಗಿಟ್ಟಳು. ಸ್ಕೂಟರಿನ ಕೀಲಿ ತಿರುಗಿಸಲು ಹೋದವಳು ಕೈ ತಡೆದು, ಹೊಲದ ದಿಕ್ಕಿಗೆ ನೋಡುತ್ತ ಹೇಳಿದಳು.

"ಕಾಕಾಗ ಹೇಳೀನಿ. ಕಡ್ಲಿ ಬಿತ್ತೂದ್ರಾಗ ನನ್ನ ಕಡಿ ಹೊಲ ವರ್ಷದ ಲಾವಣಿಗೆ ಮಂದಿಗೆ ಕೊಡ್ರಿ ಅಂತ. ನಡೆಯೂ ಕಾಲಿದ್ದಾವ್ರು ಯಾರರ ಮಾಡ್ಲಿ."

"ನೀ ಬಿಡ್ತಿ ಏನು?"

"ಬಿಟ್ಟೆ," ಎಂದಳು. ಆಮೇಲೆ ನನ್ನ ಮುಖ ನೋಡಿ, "ಈ ಸರ್ತಿ ನೆಟ್ಟಗ ಕೇಳಿಸ್ಕೊ" ಎಂದಳು.

ಮಳೆ ನಿಂತಿತ್ತು. ಸುತ್ತ ಎಲ್ಲಿಯೂ ಒಂದು ಎಂಜಿನ್ನಿನ ಸದ್ದಿರಲಿಲ್ಲ.